ಅದೇ ರೀಲು, ಎರಡು ಕಥೆ: ‘ಗೆಟ್ ಬ್ಯಾಕ್’ ಬಗ್ಗೆ ಬೀಟಲ್ಸ್ ಅಭಿಮಾನಿಗಳು ಜಗಳಾಡೋದು ಯಾಕೆ?

ಅದೇ ನಾಲ್ಕು ಜನ, ಅದೇ ಕ್ಯಾಮೆರಾಗಳು, ಅದೇ ಒಂದು ತಿಂಗಳು. ಅದರಿಂದ ಹುಟ್ಟಿದ್ದು ಎರಡು ಸಿನಿಮಾ. ಒಂದನ್ನು ನೋಡಿದವರು ‘ಇವರು ಒಬ್ಬರ ಮುಖ ಒಬ್ಬರು ನೋಡೋಕಾಗದ ಸ್ಥಿತಿಗೆ ಬಂದು ಒಡೆದುಹೋದರು’ ಅಂತ ಐವತ್ತು ವರ್ಷ ನಂಬಿಕೊಂಡಿದ್ದರು. ಇನ್ನೊಂದನ್ನು ನೋಡಿದವರು ‘ಅರೆ, ಇವರು ಎಷ್ಟು ನಗ್ತಾ ಇದ್ದರಲ್ಲ’ ಅಂತ ಕಣ್ಣೊರೆಸಿಕೊಂಡರು.

ಮೊದಲನೆಯದು 1970ರ ‘ಲೆಟ್ ಇಟ್ ಬಿ’. ನಿರ್ದೇಶಕ ಮೈಕಲ್ ಲಿಂಡ್ಸೆ-ಹಾಗ್, ಅವಧಿ ಸುಮಾರು 80 ನಿಮಿಷ. ಎರಡನೆಯದು 2021ರ ನವೆಂಬರ್‌ನಲ್ಲಿ ಡಿಸ್ನಿ ಪ್ಲಸ್‌ನಲ್ಲಿ ಬಂದ ‘ದಿ ಬೀಟಲ್ಸ್: ಗೆಟ್ ಬ್ಯಾಕ್’. ‘ಲಾರ್ಡ್ ಆಫ್ ದಿ ರಿಂಗ್ಸ್’ ಮಾಡಿದ ಪೀಟರ್ ಜಾಕ್ಸನ್ ಇದರ ನಿರ್ದೇಶಕರು. ಮೂರು ಭಾಗ, ಹತ್ತಿರ ಹತ್ತಿರ ಎಂಟು ಗಂಟೆ. ಈ ಎರಡನೆಯದು ಬಂದಾಗಿನಿಂದ ಬೀಟಲ್ಸ್ ಅಭಿಮಾನಿಗಳು ಗುಂಪು ಗುಂಪಾಗಿ ವಾದ ಮಾಡ್ತಾನೇ ಇದ್ದಾರೆ.

ಹಳೇ ರಾಕ್ ಬ್ಯಾಂಡ್ ಒಂದರ ಫ್ಯಾನ್ಸ್ ಕಿತ್ತಾಟ, ನಮಗ್ಯಾಕೆ ಅಂತ ಬಿಟ್ಟುಬಿಡಬಹುದು. ಆದರೆ ಈ ಜಗಳದ ಒಳಗಿರೋ ಪ್ರಶ್ನೆ ದಿನಾ ಮೊಬೈಲಿನಲ್ಲಿ ಮೂವತ್ತು ಸೆಕೆಂಡಿನ ಕ್ಲಿಪ್ ನೋಡಿ ತೀರ್ಪು ಕೊಡೋ ನಮಗೆಲ್ಲ ಸಂಬಂಧಪಟ್ಟದ್ದು. ಎಲ್ಲವೂ ಕ್ಯಾಮೆರಾದಲ್ಲಿ ಸೆರೆಯಾಗಿರುವಾಗಲೂ ‘ಏನಾಯ್ತು’ ಅನ್ನೋದನ್ನು ಒಪ್ಪಿಕೊಳ್ಳೋದು ಯಾಕಿಷ್ಟು ಕಷ್ಟ? ಎಡಿಟ್ ಮಾಡಿದವರನ್ನು ನಂಬಬೇಕಾ, ಬೇಡವಾ? ನಂಬೋದಾದರೆ ಯಾವ ಆಧಾರದ ಮೇಲೆ?

ಮೊದಲು ಹಿನ್ನೆಲೆ

1969ರ ಜನವರಿ 2. ಲಂಡನ್ನಿನ ಟ್ವಿಕನಮ್ ಫಿಲ್ಮ್ ಸ್ಟುಡಿಯೋದ ದೊಡ್ಡ, ಚಳಿ ತುಂಬಿದ ಶೆಡ್ಡು. ಯೋಜನೆ ಹೀಗಿತ್ತು: ಹೊಸ ಹಾಡುಗಳನ್ನು ಬರೆಯೋದು, ಜನರ ಮುಂದೆ ಲೈವ್ ಆಗಿ ನುಡಿಸೋದು, ಅದನ್ನು ಟಿವಿ ಕಾರ್ಯಕ್ರಮ ಮಾಡೋದು. ತಯಾರಿಯನ್ನೂ ಶೂಟ್ ಮಾಡೋಣ ಅಂತ ಲಿಂಡ್ಸೆ-ಹಾಗ್ ತಂಡ ಕ್ಯಾಮೆರಾ ಇಟ್ಟಿತು. ಕಛೇರಿ ಎಲ್ಲಿ ಅನ್ನೋದು ಮಾತ್ರ ತೀರ್ಮಾನವಾಗಿರಲಿಲ್ಲ. ಲಿಬಿಯಾದಲ್ಲಿರೋ ರೋಮನ್ ಕಾಲದ ಬಯಲು ರಂಗಮಂದಿರದವರೆಗೂ ಮಾತು ಹೋಗಿತ್ತು.

ಇವರ ವಯಸ್ಸು ನೋಡಿ. ಜಾನ್ ಲೆನನ್ ಮತ್ತು ರಿಂಗೋ ಸ್ಟಾರ್‌ಗೆ 28, ಪಾಲ್ ಮೆಕಾರ್ಟ್ನಿಗೆ 26, ಜಾರ್ಜ್ ಹ್ಯಾರಿಸನ್‌ಗೆ 25. ಜಗತ್ತಿನ ಅತಿ ಪ್ರಸಿದ್ಧ ಬ್ಯಾಂಡ್ ಆಗಿ ಅಷ್ಟರಲ್ಲೇ ವರ್ಷಗಳು ಕಳೆದಿದ್ದವು. ಎಲ್ಲರನ್ನೂ ಒಂದು ಹದದಲ್ಲಿ ಇಟ್ಟಿದ್ದ ಮ್ಯಾನೇಜರ್ ಬ್ರಯಾನ್ ಎಪ್‌ಸ್ಟೈನ್ 1967ರ ಆಗಸ್ಟ್‌ನಲ್ಲಿ ತೀರಿಕೊಂಡಿದ್ದರು. ‘ನಾಳೆ ಬೆಳಿಗ್ಗೆ ಎಷ್ಟು ಗಂಟೆಗೆ ಬರಬೇಕು’ ಅಂತ ಹೇಳೋ ಹಿರಿಯರು ಯಾರೂ ಇರಲಿಲ್ಲ. ಆ ಕೆಲಸವನ್ನು ಪಾಲ್ ಮೈಮೇಲೆ ಎಳೆದುಕೊಂಡರು. ಉಳಿದವರಿಗೆ ಅದು ಹಿಡಿಸಲಿಲ್ಲ.

ಜನವರಿ 10ರಂದು ಜಾರ್ಜ್ ‘ನಾನು ಬ್ಯಾಂಡ್ ಬಿಟ್ಟೆ’ ಅಂತ ಎದ್ದು ಹೋದರು. ಮಾತುಕತೆಯಾದ ಮೇಲೆ ವಾಪಸ್ ಬಂದರು. ಕೆಲಸ ಸೆವಿಲ್ ರೋ ಬೀದಿಯಲ್ಲಿದ್ದ ಅವರದೇ ಆಪಲ್ ಕಂಪನಿಯ ನೆಲಮಾಳಿಗೆಗೆ ಶಿಫ್ಟ್ ಆಯ್ತು. ಜನವರಿ 22ಕ್ಕೆ ಅಮೆರಿಕದ ಕಪ್ಪು ಸಂಗೀತಗಾರ ಬಿಲ್ಲಿ ಪ್ರೆಸ್ಟನ್ ಕೀಬೋರ್ಡ್ ಮುಂದೆ ಕೂತರು, ಕೋಣೆಯ ಹವಾಮಾನವೇ ಬದಲಾಯ್ತು. ಜನವರಿ 30ರ ಮಧ್ಯಾಹ್ನ ಅದೇ ಕಟ್ಟಡದ ತಾರಸಿ ಹತ್ತಿ 42 ನಿಮಿಷ ನುಡಿಸಿದರು. ಗಲಾಟೆ ಜಾಸ್ತಿಯಾಯ್ತು ಅಂತ ಪೊಲೀಸರು ಬಂದರು. ಬೀಟಲ್ಸ್ ಬ್ಯಾಂಡ್ ಆಗಿ ಜನರೆದುರು ನುಡಿಸಿದ್ದು ಅದೇ ಕೊನೆ.

ಸುಮಾರು 60 ಗಂಟೆಯ ಫಿಲ್ಮ್, 150 ಗಂಟೆಗೂ ಹೆಚ್ಚಿನ ಆಡಿಯೋ ಉಳಿಯಿತು. 1970ರ ಏಪ್ರಿಲ್‌ನಲ್ಲಿ ಬ್ಯಾಂಡ್ ಒಡೆದ ಸುದ್ದಿ ಬಂತು. ಮೇ ತಿಂಗಳಲ್ಲಿ ‘ಲೆಟ್ ಇಟ್ ಬಿ’ ತೆರೆಗೆ ಬಂತು. ಈ ಕ್ರಮವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

‘ಕೊನೆಗೂ ಸತ್ಯ ಹೊರಬಂತು’ ಅನ್ನೋರು

ಅಭಿಮಾನಿಗಳಲ್ಲಿ ದೊಡ್ಡ ಗುಂಪು ಇವರದ್ದು. ಇವರ ವಾದ ಸರಳ. 1970ರ ಸಿನಿಮಾದಲ್ಲಿ ಎಲ್ಲರಿಗೂ ನೆನಪಿರೋ ದೃಶ್ಯ ಒಂದೇ: ಗಿಟಾರ್ ಹೇಗೆ ನುಡಿಸಬೇಕು ಅಂತ ಪಾಲ್ ಹೇಳ್ತಾರೆ, ನೀನು ಹೇಳಿದಂಗೆ ನುಡಿಸ್ತೀನಿ, ಬೇಡ ಅಂದರೆ ನುಡಿಸೋದೇ ಇಲ್ಲ ಅನ್ನೋ ಧಾಟಿಯಲ್ಲಿ ಜಾರ್ಜ್ ತಣ್ಣಗೆ ಉತ್ತರ ಕೊಡ್ತಾರೆ. ಈ ಒಂದು ತುಣುಕಿನ ಮೇಲೆ ಒಡಕಿನ ಇಡೀ ಪುರಾಣ ನಿಂತಿತ್ತು. ಆ ಸಿನಿಮಾ ತನಗೆ ಇಷ್ಟವಿಲ್ಲ, ಅದರಲ್ಲಿ ಖುಷಿಯೇ ಇಲ್ಲ ಅಂತ ರಿಂಗೋ ಎಷ್ಟೋ ಸಲ ಹೇಳಿದ್ದಾರೆ.

ಜಾಕ್ಸನ್ ಸರಣಿಯಲ್ಲೂ ಆ ಜಗಳ ಇದೆ. ಆದರೆ ಅದರ ಹಿಂದೆ ಮುಂದೆ ಏನಿತ್ತು ಅನ್ನೋದೂ ಇದೆ. ಜನವರಿ 7ರ ದೃಶ್ಯವಂತೂ ಅಭಿಮಾನಿಗಳ ಪಾಲಿಗೆ ದೇವರ ದರ್ಶನ ಇದ್ದಂಗೆ. ಜಾನ್ ಇನ್ನೂ ಬಂದಿಲ್ಲ. ಜಾರ್ಜ್ ಆಕಳಿಸ್ತಾ ಇದ್ದಾರೆ, ರಿಂಗೋ ಸುಮ್ಮನೆ ನೋಡ್ತಾ ಕೂತಿದ್ದಾರೆ. ಪಾಲ್ ಬಾಸ್ ಗಿಟಾರನ್ನು ಒಂದೇ ಸಮನೆ ಬಡಿಯುತ್ತಾ ಏನೋ ಗೊಣಗ್ತಾರೆ. ಕೆಲವೇ ನಿಮಿಷಗಳಲ್ಲಿ ‘ಗೆಟ್ ಬ್ಯಾಕ್’ ಹಾಡು ನಮ್ಮ ಕಣ್ಣೆದುರೇ ಆಕಾರ ಪಡೆಯುತ್ತೆ. ಪ್ರತಿಭೆ ಅಂದರೆ ಮಿಂಚು ಹೊಡೆದಂಗೆ ಅಂತ ಅಂದುಕೊಂಡವರಿಗೆ ಇಲ್ಲಿ ಕಾಣೋದು ಸವೆದ ಬೆರಳು, ಬೋರಾದ ಮುಖ, ಮತ್ತೆ ಮತ್ತೆ ಅದೇ ನಾಲ್ಕು ಸ್ವರ.

ಇನ್ನೊಂದು ದೊಡ್ಡ ತಿದ್ದುಪಡಿ ಯೋಕೋ ಓನೋ ವಿಷಯದ್ದು. ಜಾನ್ ಸಂಗಾತಿಯಾಗಿದ್ದ ಈ ಜಪಾನೀ ಕಲಾವಿದೆಯೇ ಬ್ಯಾಂಡ್ ಒಡೆದಳು ಅನ್ನೋದು ಒಂದು ಗಾದೆಯಾಗಿಬಿಟ್ಟಿತ್ತು. ಗೆಳೆಯರ ಗುಂಪಿಗೆ ಹುಡುಗಿಯೊಬ್ಬಳು ಬಂದು ಗುಂಪು ಚದುರಿದರೆ ಅವಳಿಗೆ ‘ಯೋಕೋ’ ಅಂತ ಅಡ್ಡಹೆಸರು ಇಡುವಷ್ಟು. ಹೆಣ್ಣಿನ ಮೇಲಿನ ಸಿಟ್ಟು, ಏಷ್ಯಾದವರ ಮೇಲಿನ ತಾತ್ಸಾರ ಎರಡೂ ಸೇರಿದ ಆರೋಪ ಅದು. ಸರಣಿಯಲ್ಲಿ ಅವರು ಬಹುಪಾಲು ಏನು ಮಾಡ್ತಾರೆ? ಪೇಪರ್ ಓದ್ತಾರೆ, ಹೊಲಿಗೆ ಹಾಕ್ತಾರೆ, ಬ್ರಷ್ ಹಿಡಿದು ಅಕ್ಷರ ಬರೀತಾರೆ. ಐವತ್ತು ವರ್ಷ ಆದಮೇಲೆ ಜನ ‘ಯೋಕೋ ಆಂಪ್ಲಿಫೈಯರ್ ಮೇಲೆ ಕೂತಿದ್ದಕ್ಕೆ ಇವರು ಬೇರೆಯಾದರು’ ಅಂದರೆ ಎಷ್ಟು ತಮಾಷೆಯಾಗಿರುತ್ತೆ ಅಂತ ಪಾಲ್ ಅವತ್ತೇ ನಗಾಡ್ತಾರೆ. ಸರಿಯಾಗಿ ಐವತ್ತು ವರ್ಷ ಜನ ಅದನ್ನೇ ಅಂದುಕೊಂಡು ಬಂದಿದ್ದರು. ಒಬ್ಬ ಹೆಣ್ಣುಮಗಳು ಅರ್ಧ ಶತಮಾನ ಹೊತ್ತ ಬೈಗುಳಕ್ಕೆ ಉತ್ತರ ಒಂದು ಗೋದಾಮಿನ ರೀಲಿನಲ್ಲಿ ಬಿದ್ದಿತ್ತು.

‘ಇದು ದುಬಾರಿ ಪಿಆರ್’ ಅನ್ನೋರು

ಎರಡನೇ ಗುಂಪು ಇಲ್ಲೇ ಕೈ ಎತ್ತುತ್ತೆ. ಸರಣಿಯ ನಿರ್ಮಾಪಕರ ಪಟ್ಟಿ ಓದಿ ಅಂತಾರೆ. ಪಾಲ್ ಮೆಕಾರ್ಟ್ನಿ, ರಿಂಗೋ ಸ್ಟಾರ್, ಯೋಕೋ ಓನೋ, ಜಾರ್ಜ್ ಪತ್ನಿ ಒಲಿವಿಯಾ ಹ್ಯಾರಿಸನ್ ಎಲ್ಲರೂ ಅದರಲ್ಲಿದ್ದಾರೆ. ಕಥೆಯ ಪಾತ್ರಗಳೇ ಕಥೆಗೆ ದುಡ್ಡು ಹಾಕಿದವರು, ಫೂಟೇಜಿನ ಒಡೆಯರೂ ಹೌದು. ಹಾಗಿದ್ದಮೇಲೆ ಕೊನೆಗೆ ಎಲ್ಲರೂ ಒಳ್ಳೆಯವರಾಗಿ ಕಂಡರೆ ಆಶ್ಚರ್ಯ ಏನು?

ಈ ವಾದವನ್ನು ಸುಮ್ಮನೆ ತಳ್ಳಿಹಾಕೋಕೆ ಆಗಲ್ಲ. ಆ ಕಾಲದಲ್ಲಿ ತಾನು ಹೆರಾಯಿನ್ ಬಳಸಿದ್ದೆ ಅಂತ ಲೆನನ್ ಅವರೇ ಮುಂದೆ ಹೇಳಿಕೊಂಡಿದ್ದಾರೆ. ಸರಣಿಯ ಮೊದಲ ಭಾಗದಲ್ಲಿ ಅವರು ಎಷ್ಟೋ ಸಲ ಮಂಕಾಗಿ, ಮಾತಿಲ್ಲದೆ ಕೂತಿರ್ತಾರೆ. ಯಾಕೆ ಅಂತ ಸರಣಿ ನಿಂತು ವಿವರಿಸೋದಿಲ್ಲ. ಇನ್ನೊಂದು ಮಾತು. ಇದೇ ಸೆಷನ್ನುಗಳ ಬಗ್ಗೆ ಅಲ್ಲಿದ್ದವರೇ ಕಹಿಯಾಗಿ ಮಾತಾಡಿದ್ದಾರೆ. ಲೆನನ್ 1970ರಲ್ಲೇ ಅದನ್ನು ನರಕ ಅನ್ನೋ ಹಾಗೆ ಬಣ್ಣಿಸಿದ್ದರು, ಹ್ಯಾರಿಸನ್‌ಗೂ ಅದು ಅಸಮಾಧಾನದ ಚಳಿಗಾಲವಾಗಿಯೇ ನೆನಪಿತ್ತು. ಇಬ್ಬರೂ ಈಗ ಇಲ್ಲ. ಸತ್ತವರ ನೆನಪು ತಪ್ಪು, ಬದುಕಿರೋರ ನೆನಪು ಸರಿ ಅಂತ ಎಂಟು ಗಂಟೆಯ ನಗು ತೋರಿಸಿ ಹೇಳಿದರೆ ಒಪ್ಪಬೇಕಾ?

ಇದು ಬೀಟಲ್ಸ್ ಒಂದರ ಕಥೆಯಲ್ಲ. 2025ರಲ್ಲಿ ಬಂದ ‘ಬಿಕಮಿಂಗ್ ಲೆಡ್ ಜೆಪಲಿನ್’ ಸಾಕ್ಷ್ಯಚಿತ್ರಕ್ಕೂ ಇದೇ ಟೀಕೆ ಬಂತು. ಬ್ಯಾಂಡಿನ ಪೂರ್ತಿ ಸಹಕಾರದಿಂದ ಮಾಡಿದ ಚಿತ್ರ ಅದು. ಸಂಗೀತ ಅದ್ಭುತ, ಪೂರ್ತಿ ಪೂರ್ತಿ ಹಾಡುಗಳು. ಆದರೆ ಕಥೆ ಆರಂಭದ ವರ್ಷಗಳಲ್ಲೇ ನಿಂತುಬಿಡುತ್ತೆ. ಹಳೇ ಬ್ಲೂಸ್ ಕಲಾವಿದರ ಹಾಡುಗಳನ್ನು ಹೆಸರು ಹೇಳದೆ ಎತ್ತಿಕೊಂಡ ಆರೋಪ, ಪ್ರವಾಸಗಳಲ್ಲಿ ನಡೆದ ಕೊಳಕು ಯಾವುದೂ ಒಳಗೆ ಬರಲ್ಲ. ಇಂಥ ಚಿತ್ರಗಳಲ್ಲಿ ಒಂದು ವ್ಯವಹಾರ ಇದೆ: ಹಾಡು ಬಳಸಬೇಕು ಅಂದರೆ ಹಕ್ಕು ಬೇಕು, ಹಕ್ಕು ಬೇಕು ಅಂದರೆ ಬ್ಯಾಂಡಿನ ಒಪ್ಪಿಗೆ ಬೇಕು, ಒಪ್ಪಿಗೆ ಬೇಕು ಅಂದರೆ ಕೆಲವು ಪ್ರಶ್ನೆಗಳನ್ನು ಮನೆಯಲ್ಲೇ ಬಿಟ್ಟು ಬರಬೇಕು. ಬರೆಯೋಕೆ ಯಾರ ಅನುಮತಿಯೂ ಬೇಕಿಲ್ಲ, ಆದರೆ ಹಾಡಿಲ್ಲದ ರಾಕ್ ಸಾಕ್ಷ್ಯಚಿತ್ರವನ್ನು ಯಾರು ನೋಡ್ತಾರೆ?

ಆದರೂ ಈ ಗುಂಪಿಗೆ ಒಂದು ಪ್ರಶ್ನೆ ಕೇಳಬೇಕು. 1970ರ ಸಿನಿಮಾನೂ ಬೀಟಲ್ಸ್ ಕಂಪನಿಯದ್ದೇ ಅಲ್ವಾ? ಅದರಲ್ಲಿ ಜಾರ್ಜ್ ಬ್ಯಾಂಡ್ ಬಿಟ್ಟುಹೋದ ಸಂಗತಿಯೇ ಇಲ್ಲ. ಆ ತಿಂಗಳ ಅತಿ ದೊಡ್ಡ ಘಟನೆಯೇ ಮಾಯ. ಅದನ್ನು ದಿನಾಂಕ ಸಮೇತ ತೋರಿಸಿದ್ದು ‘ಪಿಆರ್’ ಅಂತ ಕರೆಸಿಕೊಳ್ಳೋ ಸರಣಿ. ಅಂದರೆ ‘ಮಂಕಾಗಿದ್ದದ್ದು ನಿಜ, ನಗು ಸುಳ್ಳು’ ಅನ್ನೋದೂ ಒಂದು ಕುರುಡುನಂಬಿಕೆಯೇ. ಕಹಿಯಾಗಿದೆ ಅನ್ನೋ ಒಂದೇ ಕಾರಣಕ್ಕೆ ಯಾವುದೂ ಸತ್ಯ ಆಗಲ್ಲ.

‘ಎಂಟು ಗಂಟೆ ಯಾರು ನೋಡ್ತಾರೆ’ ಅನ್ನೋರು

ಮೂರನೆಯವರದ್ದು ಸಾದಾ ದೂರು: ಉದ್ದ ಜಾಸ್ತಿ. ಒಂದೇ ಹಾಡನ್ನು ಇಪ್ಪತ್ತು ಸಲ ಶುರುಮಾಡಿ ನಿಲ್ಲಿಸೋದು, ಟೋಸ್ಟ್ ತಿನ್ನೋದು, ಟೀ ಕುಡಿಯೋದು, ಕಛೇರಿ ಎಲ್ಲಿ ಅಂತ ಅದೇ ಚರ್ಚೆ. ಮೊದಲ ಭಾಗದಲ್ಲೇ ನಿದ್ದೆ ಬಂತು ಅಂದ ಅಭಿಮಾನಿಗಳೂ ಇದ್ದಾರೆ.

ಒಂದು ಒರಟು ಲೆಕ್ಕ ಹಾಕೋಣ. 60 ಗಂಟೆ ಅಂದರೆ 3600 ನಿಮಿಷ. ಅದರಲ್ಲಿ 80 ನಿಮಿಷ ತೆಗೆದುಕೊಂಡರೆ ನೂರಕ್ಕೆ ಎರಡು ಭಾಗ ಚಿಲ್ಲರೆ. ಎಂಟು ಗಂಟೆ ತೆಗೆದುಕೊಂಡರೆ ನೂರಕ್ಕೆ ಹದಿಮೂರು. ನೂರರಲ್ಲಿ ಎರಡನ್ನೇ ಆರಿಸಬೇಕು ಅಂದಾಗ ಎಡಿಟರ್ ಸಹಜವಾಗಿ ಏನನ್ನು ಆರಿಸ್ತಾರೆ? ಜಗಳ, ಇಲ್ಲ ಪೂರ್ತಿ ಹಾಡು. ಮಧ್ಯದ ಬೇಜಾರು, ತಮಾಷೆ, ಕಾಯೋದು ಎಲ್ಲ ಕತ್ತರಿಗೆ ಹೋಗುತ್ತೆ. ಯಾರೂ ಸುಳ್ಳು ಹೇಳಬೇಕು ಅಂತ ಕೂರಬೇಕಾಗಿಲ್ಲ, ಅವಧಿ ಕಮ್ಮಿಯಾದರೆ ಸಾಕು, ಜಗಳ ತನ್ನಷ್ಟಕ್ಕೆ ದೊಡ್ಡದಾಗುತ್ತೆ.

ಹಾಗಾಗಿ ಆ ಬೇಜಾರು ಕೂಡ ಒಂದು ಮಾಹಿತಿಯೇ. ಜಾರ್ಜ್ ಯಾಕೆ ಎದ್ದು ಹೋದರು ಅನ್ನೋದು ಒಂದು ಜಗಳದ ದೃಶ್ಯದಿಂದ ಅರ್ಥ ಆಗಲ್ಲ. ಅವರು ‘ಆಲ್ ಥಿಂಗ್ಸ್ ಮಸ್ಟ್ ಪಾಸ್’ ಹಾಡನ್ನು ತಂದು ಕೇಳಿಸ್ತಾರೆ. ತಾಲೀಮು ಆಗುತ್ತೆ, ಮುಂದಕ್ಕೆ ಹೋಗಲ್ಲ. ಜಾನ್ ಮತ್ತು ಪಾಲ್ ಒಬ್ಬರ ಕಣ್ಣಲ್ಲಿ ಒಬ್ಬರು ನೋಡ್ತಾ ತಮ್ಮ ಹಾಡಿಗೆ ಹೊರಳಿಕೊಳ್ತಾರೆ. ಇದು ಒಂದಲ್ಲ ಎರಡಲ್ಲ, ದಿನಗಟ್ಟಲೆ ನಡೆಯುತ್ತೆ. ಯಾರೂ ಅವಮಾನ ಮಾಡಲ್ಲ, ಆದರೂ ಅವಮಾನ ಆಗುತ್ತೆ. ಆಫೀಸಿನ ಮೀಟಿಂಗಿನಲ್ಲಿ ಮಾತಾಡೋಕೆ ಬಾಯಿ ತೆರೆದು ಮೂರು ಸಲ ಸುಮ್ಮನಾದ ಕಿರಿಯರಿಗೆ ಇದು ತಕ್ಷಣ ಗೊತ್ತಾಗುತ್ತೆ. ಜನವರಿ ಕೊನೆಗೆ ಜಾರ್ಜ್ ಹತ್ತಿರ ಹತ್ತು ವರ್ಷಕ್ಕಾಗುವಷ್ಟು ಹಾಡು ಕೂಡಿಬಿದ್ದಿವೆ, ತನ್ನದೇ ಒಂದು ಆಲ್ಬಂ ಮಾಡ್ತೀನಿ ಅಂತಾರೆ. 1970ರ ನವೆಂಬರ್‌ನಲ್ಲಿ ಅದೇ ಹಾಡಿನ ಹೆಸರಲ್ಲಿ ಮೂರು ಎಲ್‌ಪಿಗಳ ಆಲ್ಬಂ ಬಂತು.

ಕಳ್ಳ ಟೇಪು ಕೇಳಿದವರು

ಈಗ ನಾಲ್ಕನೇ ಗುಂಪು. ಸಣ್ಣದು, ಆದರೆ ನನ್ನ ಪ್ರಕಾರ ಇಡೀ ಜಗಳದಲ್ಲಿ ಅತಿ ಮುಖ್ಯವಾದದ್ದು.

ಶೂಟಿಂಗ್ ವೇಳೆ ಫಿಲ್ಮ್ ಕ್ಯಾಮೆರಾಗಳು ನಡುನಡುವೆ ನಿಲ್ತಿದ್ದವು. ಫಿಲ್ಮ್ ದುಬಾರಿ. ಆದರೆ ನಾಗ್ರಾ ಅನ್ನೋ ಎರಡು ಟೇಪ್ ರೆಕಾರ್ಡರ್‌ಗಳು ಹೆಚ್ಚುಕಮ್ಮಿ ಇಡೀ ದಿನ ಓಡ್ತಿದ್ದವು. ಆಡಿಯೋ ವಿಡಿಯೋಗಿಂತ ಎರಡೂವರೆ ಪಟ್ಟು ಜಾಸ್ತಿ ಇರೋದು ಅದಕ್ಕೇ. ಈ ಟೇಪುಗಳು ಕಳುವಾದವು. ಅದರ ಕಾಪಿಗಳು ದಶಕಗಳ ಕಾಲ ಬೂಟ್‌ಲೆಗ್ ಆಗಿ, ಅಂದರೆ ಕದ್ದು ಮಾರೋ ರೆಕಾರ್ಡ್ ಮತ್ತು ಸಿಡಿಗಳಾಗಿ, ಅಭಿಮಾನಿಗಳ ಕೈಯಿಂದ ಕೈಗೆ ಓಡಾಡಿದವು. 2003ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಪೊಲೀಸರು ಸುಮಾರು 500 ಮೂಲ ರೀಲುಗಳನ್ನು ವಶಪಡಿಸಿಕೊಂಡರು. ಅಷ್ಟರಲ್ಲಿ ಕಾಪಿ ಜಗತ್ತೆಲ್ಲ ಹರಡಿತ್ತು.

ಅಭಿಮಾನಿಗಳು ಇದನ್ನು ಬರೀ ಕೇಳಿ ಸುಮ್ಮನಾಗಲಿಲ್ಲ. ಡಗ್ ಸಲ್ಪಿ ಮತ್ತು ರೇ ಶ್ವೈಕಾರ್ಟ್ ಎಂಬಿಬ್ಬರು ದಿನದಿನವೂ ಯಾವ ಹಾಡು, ಯಾವ ಮಾತು, ಯಾವ ಕ್ರಮದಲ್ಲಿ ಅಂತ ಪಟ್ಟಿ ಮಾಡಿ 1990ರ ದಶಕದಲ್ಲಿ ಪುಸ್ತಕವನ್ನೇ ತಂದರು. ಬೀಟಲ್ಸ್ ಕಂಪನಿ ಗೋದಾಮಿಗೆ ಬೀಗ ಹಾಕಿಕೊಂಡಿದ್ದಾಗ ಇವರು ಹೊರಗೆ ಕೂತು ದಾಖಲೆ ಕಟ್ಟಿದರು.

ಹಾಗಾಗಿ ಜಾಕ್ಸನ್ ಸರಣಿ ಬಂದಾಗ ಇವರು ಅದನ್ನು ಟೇಪಿನ ಜೊತೆ ಇಟ್ಟು ನೋಡಿದರು. ಕ್ಯಾಮೆರಾ ಆಫ್ ಆಗಿದ್ದಾಗಿನ ಮಾತಿನ ಮೇಲೆ ಬೇರೆ ಹೊತ್ತಿನ ದೃಶ್ಯ ಹಾಕಿರೋದು, ಉದ್ದದ ಮಾತುಕತೆಯನ್ನು ಕತ್ತರಿಸಿ ಜೋಡಿಸಿರೋದು ಇವರಿಗೆ ಗೊತ್ತಾಯ್ತು. ತೀರ್ಪು? ಬಹುಪಾಲು ಜನ ‘ಇಲ್ಲಿ ಕತ್ತರಿಸಿದ್ದಾರೆ, ಅಲ್ಲಿ ಮೆದುಗೊಳಿಸಿದ್ದಾರೆ, ಆದರೆ ಒಟ್ಟು ಚಿತ್ರ ಸುಳ್ಳಲ್ಲ’ ಅಂತಾರೆ. ಕೆಲವರು ಒಪ್ಪಲ್ಲ. ಗಮನಿಸಬೇಕಾದ್ದು ಅವರ ತೀರ್ಪು ಯಾವ ಕಡೆ ಅನ್ನೋದನ್ನಲ್ಲ. ತೀರ್ಪು ಕೊಡೋಕೆ ಅವರ ಕೈಯಲ್ಲಿ ಏನೋ ಇತ್ತು ಅನ್ನೋದನ್ನು.

ಮೊದಲ ಮೂರು ಗುಂಪುಗಳ ವಾದ ಕೊನೆಗೆ ‘ನನಗೆ ಹಾಗನ್ನಿಸುತ್ತೆ’ ಅನ್ನೋದಕ್ಕೆ ಬಂದು ನಿಲ್ಲುತ್ತೆ. ಪಾಲ್ ಇಷ್ಟ ಇದ್ದವರಿಗೆ ಸರಣಿ ಸತ್ಯ, ಇಷ್ಟ ಇಲ್ಲದವರಿಗೆ ನಾಟಕ. ನಾಲ್ಕನೆಯವರು ಮಾತ್ರ ‘ಇಂಥ ದಿನದ ಇಂಥ ಟೇಪು ಕೇಳಿ’ ಅಂತ ಬೆರಳು ತೋರಿಸಬಲ್ಲರು. ಕಳ್ಳತನವನ್ನು ಹೊಗಳ್ತಾ ಇಲ್ಲ. ಆದರೆ ಅಧಿಕೃತ ಇತಿಹಾಸವನ್ನು ಪರೀಕ್ಷಿಸೋ ಶಕ್ತಿ ಜನರಿಗೆ ಬಂದದ್ದು ಆ ಕಳ್ಳ ಟೇಪಿನಿಂದ ಅನ್ನೋದೂ ನಿಜವೇ.

ಒಂದು ಟೇಪಿನಿಂದ ನಾಲ್ಕು ದನಿ ಬಿಡಿಸೋದು ಹೇಗೆ?

ಇಲ್ಲೊಂದು ತಾಂತ್ರಿಕ ವಿಷಯ ಇದೆ, ಅದಿಲ್ಲದೆ ಕಥೆ ಪೂರ್ತಿ ಆಗಲ್ಲ. ನಾಗ್ರಾ ಟೇಪುಗಳು ಮೋನೋ. ಮಾತು, ಗಿಟಾರ್, ಡ್ರಮ್ಸ್ ಎಲ್ಲ ಸೇರಿ ಒಂದೇ ಅಲೆ. ‘ಮೊತ್ತ 20, ಕೂಡಿಸಿದ ನಾಲ್ಕು ಸಂಖ್ಯೆ ಯಾವುವು ಹೇಳಿ’ ಅಂದಂಗೆ. ಉತ್ತರ ಲೆಕ್ಕವಿಲ್ಲದಷ್ಟು. ಗಣಿತದಿಂದ ಮಾತ್ರ ಬಿಡಿಸೋಕಾಗಲ್ಲ.

ಆದರೆ ಮನುಷ್ಯರ ದನಿಗೆ ಒಂದು ಸ್ವಭಾವ ಇದೆ, ಗಿಟಾರ್ ತಂತಿಗೆ ಇನ್ನೊಂದು, ಡ್ರಮ್ಮಿಗೆ ಮತ್ತೊಂದು. ಸಾವಿರಾರು ಉದಾಹರಣೆ ಕೊಟ್ಟು ಕಂಪ್ಯೂಟರ್‌ಗೆ ಈ ಸ್ವಭಾವಗಳನ್ನು ಕಲಿಸಿದರೆ ಬೆರೆತ ಅಲೆಯಲ್ಲಿ ‘ಈ ಭಾಗ ದನಿಯದ್ದಿರಬೇಕು, ಆ ಭಾಗ ಗಿಟಾರಿನದ್ದಿರಬೇಕು’ ಅಂತ ಅದು ಅಂದಾಜು ಮಾಡುತ್ತೆ. ಮಷೀನ್ ಲರ್ನಿಂಗ್ ಅನ್ನೋದು ಇದನ್ನೇ. ಜಾಕ್ಸನ್ ತಂಡ ಇದಕ್ಕೆ ‘ಮಾಲ್’ ಅಂತ ಹೆಸರಿಟ್ಟಿತು, ಬೀಟಲ್ಸ್ ಜೊತೆಗಿದ್ದ ಸಹಾಯಕ ಮಾಲ್ ಇವಾನ್ಸ್ ನೆನಪಿಗೆ. ಮುಂದೆ 2023ರಲ್ಲಿ ಲೆನನ್ನರ ಹಳೇ ಕ್ಯಾಸೆಟ್ಟಿನಿಂದ ದನಿ ಬೇರ್ಪಡಿಸಿ ‘ನೌ ಅಂಡ್ ದೆನ್’ ಹಾಡು ಬಿಡುಗಡೆ ಮಾಡಿದ್ದೂ ಇದೇ ವಿದ್ಯೆಯಿಂದ.

ಇದರಿಂದ ಒಂದು ಇರುಸುಮುರುಸಿನ ಪ್ರಶ್ನೆಯೂ ಹುಟ್ಟಿತು. ಖಾಸಗಿಯಾಗಿ ಮಾತಾಡಬೇಕಾದಾಗ ಬ್ಯಾಂಡಿನವರು ಬೇಕಂತಲೇ ಗಿಟಾರ್ ಗರಗರ ಅನ್ನಿಸಿ ಮೈಕಿಗೆ ಮಾತು ಕೇಳದಂಗೆ ಮಾಡ್ತಿದ್ದರು ಅಂತ ಜಾಕ್ಸನ್ ಹೇಳಿದ್ದಾರೆ. ಐವತ್ತು ವರ್ಷದ ನಂತರ ಕಂಪ್ಯೂಟರ್ ಆ ಗಿಟಾರನ್ನು ಪಕ್ಕಕ್ಕಿಟ್ಟು ಮಾತನ್ನು ಎತ್ತಿ ಕೊಟ್ಟಿತು. ಇನ್ನೊಂದು ಕಡೆ, ಜಾರ್ಜ್ ಹೋದಮೇಲೆ ಕ್ಯಾಂಟೀನಿನಲ್ಲಿ ಜಾನ್ ಮತ್ತು ಪಾಲ್ ಆಡಿದ ಮಾತನ್ನು ಚಿತ್ರತಂಡ ಹೂವಿನ ಕುಂಡದಲ್ಲಿ ಮೈಕ್ ಅಡಗಿಸಿಟ್ಟು ದಾಖಲಿಸಿತ್ತು. ಜಾರ್ಜ್‌ಗೆ ನಾವು ಮಾಡಿದ ಗಾಯವನ್ನು ನಾವೇ ಕೆರೆದು ದೊಡ್ಡದು ಮಾಡಿದ್ವಿ ಅನ್ನೋ ಅರ್ಥದ ಮಾತು ಅಲ್ಲಿ ಬರುತ್ತೆ. ಇಡೀ ಸರಣಿಯಲ್ಲಿ ಅತಿ ಪ್ರಾಮಾಣಿಕವಾದ ಮಾತು ಅದು ಅಂತ ಅಭಿಮಾನಿಗಳು ಮೆಚ್ಚಿಕೊಳ್ತಾರೆ. ಕದ್ದು ಕೇಳಿದ ಮಾತು ಅನ್ನೋದನ್ನು ಮಾತ್ರ ಬೇಗ ಮರೀತಾರೆ. ಪಾಲ್ ಬದುಕಿದ್ದಾರೆ, ಒಪ್ಪಿಗೆ ಕೊಟ್ಟರು. ಜಾನ್ 1980ರಲ್ಲೇ ಹೋದರು. ಸತ್ತವರ ಪರವಾಗಿ ಒಪ್ಪಿಗೆ ಕೊಡೋರು ಯಾರು? ಕಾನೂನಿನಲ್ಲಿ ಉತ್ತರ ಇದೆ, ವಾರಸುದಾರರು. ಮನಸ್ಸಿಗೆ ಅಷ್ಟು ಸಾಕಾ ಅನ್ನೋದು ಬೇರೆ ಪ್ರಶ್ನೆ.

ವಲಸಿಗರ ಹಾಡು: ಹಿನ್ನೆಲೆ ಕಳೆದರೆ ಏನಾಗುತ್ತೆ

ರಾಜಕೀಯದಲ್ಲಿ ಆಸಕ್ತಿ ಇರೋರು ಸರಣಿಯಲ್ಲಿ ತಪ್ಪದೇ ನೋಡಬೇಕಾದ ಭಾಗ ಒಂದಿದೆ. ‘ಗೆಟ್ ಬ್ಯಾಕ್’ ಹಾಡಿಗೆ ಶುರುವಿನಲ್ಲಿ ಬೇರೆ ಸಾಲುಗಳಿದ್ದವು. ಪಾಕಿಸ್ತಾನಿಗಳು ಬಂದು ಕೆಲಸ ಕಿತ್ಕೊಳ್ತಿದ್ದಾರೆ, ವಾಪಸ್ ಹೋಗಿ ಅನ್ನೋರ ಮಾತನ್ನೇ ಅಣಕಿಸೋ ಸಾಲುಗಳು.

ಕಾಲ ನೋಡಿ. 1968ರಲ್ಲಿ ಬ್ರಿಟಿಷ್ ಪಾಸ್‌ಪೋರ್ಟ್ ಇದ್ದ ಕೀನ್ಯಾದ ಏಷ್ಯನ್ನರು, ಅದರಲ್ಲೂ ಭಾರತೀಯ ಮೂಲದವರು, ಬ್ರಿಟನ್ನಿಗೆ ಬರೋದನ್ನು ತಡೆಯೋಕೆ ಸರ್ಕಾರ ಅವಸರದಲ್ಲಿ ಕಾನೂನು ತಂದಿತ್ತು. ಅದೇ ವರ್ಷ ಏಪ್ರಿಲ್‌ನಲ್ಲಿ ಸಂಸದ ಈನಾಕ್ ಪವೆಲ್ ವಲಸಿಗರ ವಿರುದ್ಧ ಬೆಂಕಿ ಉಗುಳೋ ಭಾಷಣ ಮಾಡಿದ್ದರು. ಬೀಟಲ್ಸ್ ಸ್ಟುಡಿಯೋದಲ್ಲಿ ಪೇಪರ್ ಓದಿಕೊಂಡು ಅದನ್ನೇ ಗೇಲಿ ಮಾಡ್ತಾ ಹಾಡು ಕಟ್ಟುತ್ತಿದ್ದರು.

ಆಮೇಲೆ ಆ ಸಾಲುಗಳನ್ನು ಕೈಬಿಟ್ಟರು. ಮುಂದೆ ಕಳ್ಳ ಟೇಪಿನಲ್ಲಿ ಆ ತುಣುಕು ಮಾತ್ರ ಹೊರಬಂದಾಗ ‘ಬೀಟಲ್ಸ್ ಜನಾಂಗದ್ವೇಷಿಗಳು’ ಅನ್ನೋ ಆರೋಪ ಬಂತು. ಅದು ವ್ಯಂಗ್ಯ ಅಂತ ಮೆಕಾರ್ಟ್ನಿ ಉತ್ತರ ಕೊಡಬೇಕಾಯ್ತು. ಜಾಕ್ಸನ್ ಆ ತಾಲೀಮಿನ ಜೊತೆಗೆ ಆ ಕಾಲದ ಪತ್ರಿಕೆಗಳನ್ನೂ ತೋರಿಸ್ತಾರೆ, ಆಗ ಯಾರನ್ನು ಗೇಲಿ ಮಾಡ್ತಿದ್ದಾರೆ ಅನ್ನೋದು ಸ್ಪಷ್ಟವಾಗುತ್ತೆ.

ಇದರಲ್ಲಿ ಎರಡೂ ಪಾಠ ಇವೆ. ಒಂದು, ಹಿನ್ನೆಲೆ ಕಿತ್ತುಹಾಕಿದ ತುಣುಕು ತನ್ನ ಅರ್ಥಕ್ಕೆ ಪೂರ್ತಿ ಉಲ್ಟಾ ಹೊಡೆಯಬಲ್ಲದು. ಎರಡು, ನಾನು ಮೇಲೆ ಹೊಗಳಿದ ಕಚ್ಚಾ ಟೇಪು ಕೂಡ ಒಂಟಿಯಾಗಿ ಸತ್ಯ ಹೇಳಲ್ಲ. ಟೇಪು ಬೇಕು, ಅದನ್ನು ಓದೋಕೆ ಕಾಲದ ಅರಿವೂ ಬೇಕು. ಎಡಿಟರ್ ಮಾಡೋ ಕೆಲಸಕ್ಕೆ ಬೆಲೆ ಇರೋದು ಇಲ್ಲೇ.

2024ರಲ್ಲಿ ಹಳೇ ಸಿನಿಮಾ ವಾಪಸ್ ಬಂತು

‘ಲೆಟ್ ಇಟ್ ಬಿ’ 1980ರ ದಶಕದ ನಂತರ ಅಧಿಕೃತವಾಗಿ ಎಲ್ಲೂ ಸಿಗ್ತಿರಲಿಲ್ಲ. 2024ರ ಮೇ 8ರಂದು ಶುಚಿಗೊಳಿಸಿದ ಪ್ರತಿ ಡಿಸ್ನಿ ಪ್ಲಸ್‌ಗೆ ಬಂತು. ದಶಕಗಳಿಂದ ‘ಮಂಕು ಸಿನಿಮಾ’ ಅಂತ ಕೇಳಿಕೊಂಡು ಬಂದವರು ನೋಡಿದರು. ಎಷ್ಟೋ ಜನರ ಪ್ರತಿಕ್ರಿಯೆ ಒಂದೇ: ಇದು ಅಷ್ಟೇನೂ ಮಂಕಾಗಿಲ್ಲವಲ್ಲ! ನಗು ಇದೆ, ಹಾಡಿದೆ, ತಾರಸಿ ಕಛೇರಿ ಇದೆ. ಆ ಜಗಳ ಕೂಡ ಚಿಕ್ಕದು.

ಹಾಗಾದರೆ ಐವತ್ತು ವರ್ಷದ ಆ ಕತ್ತಲು ಎಲ್ಲಿಂದ ಬಂತು? ಈಗ ಕ್ರಮ ನೆನಪಿಸಿಕೊಳ್ಳಿ. ಏಪ್ರಿಲ್‌ನಲ್ಲಿ ಒಡೆದ ಸುದ್ದಿ, ಮೇನಲ್ಲಿ ಸಿನಿಮಾ. ಶೂಟ್ ಆಗಿದ್ದು ಹದಿನೈದು ತಿಂಗಳ ಹಿಂದೆ. ನಡುವೆ ಅವರು ‘ಅಬ್ಬೆ ರೋಡ್’ ಅನ್ನೋ ಇಡೀ ಆಲ್ಬಂ ಮಾಡಿದ್ದರು. ಆದರೆ ಟಿಕೆಟ್ ತಗೊಂಡು ಒಳಗೆ ಹೋದವರು ಸಾವಿನ ಮನೆಗೆ ಹೋದ ಮನಸ್ಸಿನಲ್ಲೇ ಹೋದರು. ಪ್ರತಿ ಆಕಳಿಕೆಯಲ್ಲೂ ಒಡಕು ಕಂಡಿತು. ಸಿನಿಮಾ ಸಿಗದೇ ಹೋದಮೇಲೆ ಉಳಿದದ್ದು ಅದರ ನೆನಪು, ನೆನಪಿನ ಮೇಲೆ ಬರೆದ ಪುಸ್ತಕಗಳು, ಪುಸ್ತಕ ಓದಿದವರ ನಂಬಿಕೆ. ಲಿಂಡ್ಸೆ-ಹಾಗ್ ‘ನಾನು ಒಡಕಿನ ಸಿನಿಮಾ ಮಾಡಿಲ್ಲ’ ಅಂತ ಹೇಳ್ತಾನೇ ಬಂದಿದ್ದರು. ಯಾರಿಗೂ ಪರೀಕ್ಷಿಸೋಕೆ ಸಿನಿಮಾನೇ ಸಿಗ್ತಿರಲಿಲ್ಲ.

ಅಂದರೆ ಕಂಪನಿ ತನ್ನ ಬ್ಯಾಂಡಿನ ಮಾನ ಕಾಪಾಡೋಕೆ ಅಂತಲೇ ಹಾಕಿದ ಬೀಗ ಇರಬಹುದು, ಇನ್ಯಾವ ಕಾರಣವೂ ಇರಬಹುದು. ಪರಿಣಾಮ ಮಾತ್ರ ಒಂದೇ: ಮುಚ್ಚಿಟ್ಟಷ್ಟು ಕಾಲ ವದಂತಿಯೇ ಇತಿಹಾಸವಾಗಿತ್ತು. ಅದರ ಬೆಲೆ ತೆತ್ತವರು ಯೋಕೋ ಓನೋ, ನಿರ್ದೇಶಕ ಲಿಂಡ್ಸೆ-ಹಾಗ್, ‘ದರ್ಪದವನು’ ಅನ್ನಿಸಿಕೊಂಡ ಪಾಲ್.

ಕೊನೆಗೆ ಯಾರನ್ನು ನಂಬೋದು?

‘ಜಾಕ್ಸನ್ ಪ್ರಾಮಾಣಿಕರಾ’ ಅನ್ನೋ ಪ್ರಶ್ನೆಯೇ ಸ್ವಲ್ಪ ದಾರಿ ತಪ್ಪಿದ್ದು ಅಂತ ನನಗನ್ನಿಸೋದು ಇದಕ್ಕೇ. ಎಡಿಟರ್ ಎಷ್ಟೇ ಪ್ರಾಮಾಣಿಕರಾದರೂ 60 ಗಂಟೆಯಲ್ಲಿ 52 ಗಂಟೆ ಬಿಡಲೇಬೇಕು. ಬಿಡೋದು ಅಪರಾಧ ಅಲ್ಲ. ಬಿಟ್ಟದ್ದನ್ನು ಬೇರೆ ಯಾರೂ ನೋಡದಂಗೆ ಮಾಡೋದು ಸಮಸ್ಯೆ. ಪಾತ್ರಗಳೇ ನಿರ್ಮಾಪಕರಾದ ಚಿತ್ರವನ್ನೂ ನಂಬಬಹುದು, ಹೊರಗಿನವರು ತಾಳೆ ನೋಡೋಕೆ ದಾರಿ ಇದ್ದರೆ. ಯಾವ ಸಂಬಂಧವೂ ಇಲ್ಲದ ನಿಷ್ಪಕ್ಷಪಾತಿ ಮಾಡಿದ ಚಿತ್ರವನ್ನೂ ಅನುಮಾನಿಸಬೇಕು, ಆ ದಾರಿ ಇಲ್ಲದಿದ್ದರೆ.

ಆದ್ದರಿಂದ ಅಭಿಮಾನಿಗಳ ಹಳೇ ಬೇಡಿಕೆಯೊಂದು ನನಗೆ ಹುಚ್ಚಾಟ ಅನ್ನಿಸಲ್ಲ: ಪೂರ್ತಿ ಬಿಡಿ, ಎಲ್ಲ ಗಂಟೆಗಳನ್ನೂ. ಜಾಕ್ಸನ್ ಕೂಡ ಇನ್ನೂ ಉದ್ದದ ಆವೃತ್ತಿ ಬರಲಿ ಅಂತ ಸಂದರ್ಶನಗಳಲ್ಲಿ ಹೇಳಿದ್ದಾರೆ. ಎಲ್ಲರೂ ಕೂತು ನೋಡಲ್ಲ, ನೋಡಬೇಕಾಗಿಯೂ ಇಲ್ಲ. ನಾಲ್ಕು ಜನ ತಲೆಕೆಟ್ಟ ಅಭಿಮಾನಿಗಳು ನೋಡಿದರೆ ಸಾಕು, ಉಳಿದವರ ಪರವಾಗಿ ಅವರು ಲೆಕ್ಕ ಇಡ್ತಾರೆ. ಸಲ್ಪಿ, ಶ್ವೈಕಾರ್ಟ್ ಮಾಡಿದ್ದು ಅದನ್ನೇ.

ಮುಂದಿನ ಸಲ ಯಾರದ್ದೋ ಭಾಷಣದ, ಯಾವುದೋ ಪ್ರತಿಭಟನೆಯ ಕ್ಲಿಪ್ ನಿಮ್ಮ ಮುಂದೆ ಬಂದಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಇದು ಒಟ್ಟು ಎಷ್ಟು ಹೊತ್ತಿನದರಲ್ಲಿ ಎಷ್ಟು? ಪೂರ್ತಿ ವಿಡಿಯೋ ಯಾರ ಹತ್ತಿರ ಇದೆ, ಬೇರೆಯವರಿಗೆ ಸಿಗುತ್ತಾ? ನೋಡೋಕೆ ಮೊದಲೇ ನಾನು ಯಾವ ಸುದ್ದಿ ತಲೆಯಲ್ಲಿ ತುಂಬಿಕೊಂಡಿದ್ದೆ? ಈ ಮೂರಕ್ಕೂ ಉತ್ತರ ಸಿಗದಿದ್ದರೆ ಫಾರ್ವರ್ಡ್ ಮಾಡೋದನ್ನು ಸ್ವಲ್ಪ ತಡ ಮಾಡಿ. ಒಬ್ಬ ಹೆಣ್ಣುಮಗಳ ಮೇಲಿನ ತಪ್ಪು ತೀರ್ಪನ್ನು ಜಗತ್ತು ತಿದ್ದಿಕೊಳ್ಳೋಕೆ ಐವತ್ತು ವರ್ಷ ಬೇಕಾಯ್ತು, ಅದೂ ರೀಲುಗಳು ಉಳಿದಿದ್ದವು ಅನ್ನೋ ಕಾರಣಕ್ಕೆ.